ಹಾಸನ ಜಿಲ್ಲೆಯ ಹಠಾತ್ ಮರಣಗಳು: ಸಾರ್ವಜನಿಕ ಆರೋಗ್ಯ ತಿಳಿವಳಿಕೆಯ ಭಾಷೆ - ಒಂದು ವಿಮರ್ಶೆ

1. ಪೀಠಿಕೆ

2025ನೆಯ ಇಸವಿಯ ಮೇ ತಿಂಗಳ ಕೊನೆಯಿಂದ ಜುಲೈ ತಿಂಗಳ ಮೊದಲ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಸಂಭವಿಸಿದ ಹಠಾತ್ ಮರಣಗಳು ನಾಡಿನಾದ್ಯಂತ ಚರ್ಚೆಗೆ ಗ್ರಾಸವಾದವು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬುದು ಸುದ್ದಿಯ ಸಾರಾಂಶ. ಮೃತರಲ್ಲಿ ಕಾಲೇಜು ವಯಸ್ಸಿನವರೂ ಇದ್ದುದು ಆತಂಕವನ್ನು ಹೆಚ್ಚಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಹೆಸರುಗಳು ಪತ್ರಿಕೆಗಳಲ್ಲಿಯೂ ವಾರ್ತಾವಾಹಿನಿಗಳಲ್ಲಿಯೂ ಸಾವಿನ ಸಂಖ್ಯೆಯೊಡನೆ ದಿನವೂ ಕಾಣಿಸಿಕೊಂಡವು. ಜುಲೈ 1ರಂದು ರಾಜ್ಯದ ಮುಖ್ಯಮಂತ್ರಿಗಳು ಕೋವಿಡ್ ಲಸಿಕೆಯ ಹೆಸರನ್ನು ಈ ಸಾವುಗಳ ಜೊತೆಗೆ ಎತ್ತಿದರು. ಮರುದಿನವೇ ಕೇಂದ್ರ ಆರೋಗ್ಯ ಮಂತ್ರಾಲಯವು ಅದನ್ನು ಅಲ್ಲಗಳೆಯಿತು. ಹೀಗೆ ಒಂದು ಜಿಲ್ಲೆಯ ದುಃಖವು ಎರಡು ದಿನಗಳಲ್ಲಿ ಮಹಾಮಾರಿಯ ಕಾಲದ ಹಳೆಯ ವಾದವಾಗಿ ಪರಿಣಮಿಸಿತು.

ಈ ಸಾವುಗಳ ವೈದ್ಯಕೀಯ ಕಾರಣವನ್ನು ನಿರ್ಣಯಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಅದು ತಜ್ಞರ ಕೆಲಸ, ಅವರು ಅದನ್ನು ಮಾಡಿಯೂ ಇದ್ದಾರೆ. ಜನರಿಗೆ ಅಪಾಯವನ್ನು ಯಾವ ಮಾತುಗಳಲ್ಲಿ, ಯಾವ ಲೆಕ್ಕದಲ್ಲಿ ತಿಳಿಸಲಾಯಿತು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಗುರಿ. ಸಾವುಗಳನ್ನು ಎಣಿಸಿದ್ದಾಯಿತು, ಆದರೆ ಆ ಎಣಿಕೆಯನ್ನು ಯಾವುದರೊಡನೆ ಹೋಲಿಸಬೇಕೆಂಬುದನ್ನು ಯಾರೂ ಹೇಳಲಿಲ್ಲ. ಲಸಿಕೆಗೆ ಸಂಬಂಧವಿದೆಯೆಂದು ಒಬ್ಬರೂ ಇಲ್ಲವೆಂದು ಇನ್ನೊಬ್ಬರೂ ಸಾರಿದರು. ಹಾಗೆಂದು ತಿಳಿಯುವುದು ಹೇಗೆಂಬುದನ್ನು ಇಬ್ಬರೂ ವಿವರಿಸಲಿಲ್ಲ. ಈ ಎರಡು ಕೊರತೆಗಳೂ 2025ರಲ್ಲಿ ಹುಟ್ಟಿದವಲ್ಲ. 2020-21ರ ಮಹಾಮಾರಿಯ ಕಾಲದಲ್ಲಿ ಜನರೊಡನೆ ಆಡಿದ ಮಾತಿನ ಸಾಲವನ್ನು ಹಾಸನ ಜಿಲ್ಲೆ ನಾಲ್ಕು ವರ್ಷಗಳ ಅನಂತರ ತೀರಿಸಬೇಕಾಯಿತು ಎಂಬುದು ಈ ಪ್ರಬಂಧದ ಪ್ರತಿಪಾದನೆ.

2. ಹಿನ್ನೆಲೆ: ಪ್ಲೇಗಿನ ನೆನಪು

ಹಾಸನ ಸೀಮೆಗೆ ಸಾಂಕ್ರಾಮಿಕದ ಭಯ ಹೊಸದಲ್ಲ. 1898ರಲ್ಲಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿದ ಪ್ಲೇಗು ಮುಂದಿನ ಹಲವು ದಶಕಗಳ ಕಾಲ ಹಳೆಯ ಮೈಸೂರಿನ ಹಳ್ಳಿಗಳನ್ನು ಬಿಡದೆ ಕಾಡಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಬಾಲ್ಯದಲ್ಲಿಯೇ ಒಡಹುಟ್ಟಿದವರನ್ನು ಈ ರೋಗಕ್ಕೆ ಕಳೆದುಕೊಂಡವರು. 1970ರಲ್ಲಿ ಪ್ರಕಟವಾದ ಅವರ 'ಗೃಹಭಂಗ' ಕಾದಂಬರಿಯಲ್ಲಿ ನಂಜಮ್ಮನ ಮಕ್ಕಳು, ಕೊನೆಗೆ ನಂಜಮ್ಮನೂ ಪ್ಲೇಗಿಗೆ ತುತ್ತಾಗುತ್ತಾರೆ. ಆ ಕಾದಂಬರಿಯನ್ನು ಸಾಮಾಜಿಕ ದಾಖಲೆಯಾಗಿಯೂ ಓದಲು ಸಾಧ್ಯವಿದೆ.

ಪ್ಲೇಗಿನ ಕಾಲದ ಹಳ್ಳಿಗೆ ಅಪಾಯವನ್ನು ತಿಳಿಸುವ ಒಂದು ಗುರುತು ಇದ್ದಿತು: ಇಲಿ ಬೀಳುವುದು. ಇಲಿ ಬಿತ್ತೆಂದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಬೇಕು ಎಂಬುದು ಓದು ಬರಹ ಬಾರದವರಿಗೂ ಗೊತ್ತಿದ್ದ ವಿಧಿ. ಗುರುತು ಕಣ್ಣಿಗೆ ಕಾಣುವಂತಹುದು. ಮಾಡಬೇಕಾದುದು ಕೈಗೆ ಎಟುಕುವಂತಹುದು. ಸರ್ಕಾರದ ಮಾತನ್ನು ಜನ ಅಷ್ಟು ಸುಲಭವಾಗಿ ಒಪ್ಪಲಿಲ್ಲವೆಂಬುದಕ್ಕೂ ಸಾಕ್ಷ್ಯವಿದೆ. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗು ನಿಯಂತ್ರಣ ಕ್ರಮಗಳ ವಿರುದ್ಧ ದಂಗೆಯೇ ನಡೆಯಿತು. ಮನೆಯೊಳಕ್ಕೆ ನುಗ್ಗಿ ರೋಗಿಯನ್ನು ಹುಡುಕುವ, ಕುಟುಂಬದಿಂದ ಬೇರ್ಪಡಿಸುವ ಕ್ರಮಗಳು ಜನರಿಗೆ ರೋಗಕ್ಕಿಂತ ಭಯಂಕರವಾಗಿ ಕಂಡಿದ್ದವು. ಹೇಳುವವನ ಮೇಲೆ ನಂಬಿಕೆಯಿಲ್ಲದಿದ್ದರೆ ಹೇಳಿದ ಮಾತು ಸತ್ಯವಾಗಿದ್ದರೂ ಕೆಲಸ ಮಾಡುವುದಿಲ್ಲವೆಂಬುದು ಆ ಕಾಲದ ಪಾಠ. ಇಲಿಯ ಗುರುತನ್ನು ನಂಬಿ ಊರು ಬಿಟ್ಟ ಜನರೇ ಅಧಿಕಾರಿಯ ಆಜ್ಞೆಯನ್ನು ನಂಬದೆ ರೋಗಿಯನ್ನು ಬಚ್ಚಿಟ್ಟರು.

3. 2020-21: ಮಾತಿನ ಸಾಲ

ಕೋವಿಡ್‌ನ ಆರಂಭದ ವಾರಗಳಲ್ಲಿ ಹಾಸನ ಜಿಲ್ಲೆಯು ಸೋಂಕಿಲ್ಲದ ಹಸಿರು ವಲಯವಾಗಿತ್ತು. ಮೇ 2020ರಲ್ಲಿ ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಪತ್ತೆಯಾದವು. ಜೀವನೋಪಾಯಕ್ಕಾಗಿ ಮುಂಬೈ ಸೇರಿದ್ದ ಈ ಸೀಮೆಯ ಜನರು ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಬಂದಾಗ 'ಮುಂಬೈಯವರು' ಎಂಬ ಮಾತಿಗೆ ಹೊಸ ಅರ್ಥವೊಂದು ಅಂಟಿಕೊಂಡಿತು. ಇದು ತಾನಾಗಿ ಆದುದಲ್ಲ. ದಿನದ ಸರ್ಕಾರಿ ಪ್ರಕಟಣೆಗಳು ರೋಗಿಯನ್ನು ಸಂಖ್ಯೆಯಿಂದಲೂ ಅವನು ಬಂದ ಊರಿನಿಂದಲೂ ಗುರುತಿಸುತ್ತಿದ್ದವು. ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆಯೊತ್ತುವ, ಬಾಗಿಲಿಗೆ ಚೀಟಿ ಅಂಟಿಸುವ ಕ್ರಮಗಳು ಜಾರಿಯಲ್ಲಿದ್ದವು. ಮಾರ್ಚ್ 2020ರಲ್ಲಿ ಅಂತಹವರ ವಿಳಾಸಗಳ ಪಟ್ಟಿಯನ್ನೇ ರಾಜ್ಯ ಸರ್ಕಾರವು ಪ್ರಕಟಿಸಿತು. ರೋಗದ ಅಪಾಯವನ್ನು ತಿಳಿಸಬೇಕಾದ ಪ್ರಕಟಣೆಯು ವ್ಯಕ್ತಿಯನ್ನೇ ಅಪಾಯವೆಂದು ತೋರಿಸಿತು.

ಆ ಕಾಲದ ಪರಿಭಾಷೆಯೂ ವಿಮರ್ಶೆಗೆ ಅರ್ಹವಾದುದು. ಇಂಗ್ಲಿಷಿನ ಪದವನ್ನು ಹಾಗೆಯೇ ತಿರುಗಿಸಿ 'ಸಾಮಾಜಿಕ ಅಂತರ' ಎಂಬ ಮಾತನ್ನು ರೂಢಿಗೆ ತರಲಾಯಿತು. ಶತಮಾನಗಳಿಂದ ಜಾತಿಯ ಹೆಸರಿನಲ್ಲಿ ಅಂತರವನ್ನು ಕಾಯ್ದುಕೊಂಡು ಬಂದ ಸಮಾಜದಲ್ಲಿ ಈ ಪದವು ಏನನ್ನು ಧ್ವನಿಸುತ್ತದೆಯೆಂದು ಯೋಚಿಸಲು ವ್ಯವಧಾನವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಮಾರ್ಚ್ 2020ರಲ್ಲಿಯೇ 'ದೈಹಿಕ ಅಂತರ' ಎಂಬರ್ಥದ ಪದವನ್ನು ಬಳಸಲು ಆರಂಭಿಸಿದ್ದರೂ ನಮ್ಮ ಗೋಡೆಬರಹಗಳಲ್ಲಿ ಹಳೆಯ ಪದವೇ ಉಳಿಯಿತು. 'ಆರು ಅಡಿ ದೂರ ನಿಲ್ಲಿ' ಎಂಬ ಸರಳ ಕನ್ನಡ ಸಾಕಾಗುತ್ತಿತ್ತು.

ಇದಕ್ಕಿಂತಲೂ ಗಂಭೀರವಾದುದು ಸಾವಿನ ಲೆಕ್ಕ. ಮೇ 2021ರ ಆರಂಭದಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬ ಹೇಳಿಕೆ ಮೊದಲು ಹೊರಬಿದ್ದಿತು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು 36 ಸಾವುಗಳನ್ನು ಗುರುತಿಸಿತು. ಅದೇ ವರ್ಷದ ಜುಲೈನಲ್ಲಿ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ರಾಜ್ಯಗಳಿಂದ ನಿರ್ದಿಷ್ಟವಾಗಿ ವರದಿಯಾಗಿಲ್ಲವೆಂದು ಕೇಂದ್ರ ಸರ್ಕಾರವು ರಾಜ್ಯಸಭೆಗೆ ತಿಳಿಸಿತು. 'ವರದಿಯಾಗಿಲ್ಲ' ಎಂಬುದು ಆಡಳಿತದ ಭಾಷೆಯಲ್ಲಿ ನಿಜವಿರಬಹುದು. ಆದರೆ ಸಿಲಿಂಡರಿಗಾಗಿ ಊರೂರು ಅಲೆದವನ ಕಿವಿಗೆ ಅದು 'ಹಾಗಾಗಲೇ ಇಲ್ಲ' ಎಂದೇ ಕೇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020 ಮತ್ತು 2021ರಲ್ಲಿ ಭಾರತದಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳನ್ನು 47 ಲಕ್ಷವೆಂದು ಮೇ 2022ರಲ್ಲಿ ಅಂದಾಜಿಸಿದಾಗ ಭಾರತ ಸರ್ಕಾರವು ಅದರ ವಿಧಾನವನ್ನೇ ಆಕ್ಷೇಪಿಸಿತು. 2021ರ ಜನನ ಮರಣ ನೋಂದಣಿಯ ರಾಷ್ಟ್ರೀಯ ವರದಿ ಹೊರಬಂದುದು ಮೇ 2025ರಲ್ಲಿ. ಅದರಂತೆ 2020ರಲ್ಲಿ 81 ಲಕ್ಷವಿದ್ದ ನೋಂದಾಯಿತ ಮರಣಗಳು 2021ರಲ್ಲಿ 1 ಕೋಟಿ 2 ಲಕ್ಷಕ್ಕೇರಿದ್ದವು. ಒಂದೇ ವರ್ಷದಲ್ಲಿ 21 ಲಕ್ಷ ಸಾವುಗಳು ಹೆಚ್ಚಾದ ಸಂಗತಿಯನ್ನು ನಾಡು ನಾಲ್ಕು ವರ್ಷ ತಡವಾಗಿ ತಿಳಿಯಿತು. ಹಾಸನದಿಂದ ಹಠಾತ್ ಸಾವುಗಳ ಸುದ್ದಿ ಬರತೊಡಗಿದುದು ಆ ತಿಂಗಳ ಕೊನೆಯಲ್ಲಿಯೇ.

4. 'ಸರಣಿ', 'ಬಲಿ', 'ಹೃದಯಾಘಾತ'

2025ರ ಜೂನ್ ತಿಂಗಳಿನ ವರದಿಗಳಲ್ಲಿ ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು 'ಸರಣಿ'. ಒಂದರ ಹಿಂದೆ ಒಂದು ಬರುವುದು ಸರಣಿ. ಆದರೆ ಅಪಘಾತಗಳ, ಕಳ್ಳತನಗಳ ಸುದ್ದಿಯಲ್ಲಿ ಬಳಕೆಯಾಗುವ ಈ ಪದಕ್ಕೆ ಒಂದಕ್ಕೊಂದು ಕೊಂಡಿಯಿದೆ, ಹಿಂದೆ ಒಂದೇ ಕೈಯಿದೆ ಎಂಬ ಧ್ವನಿ ಅಂಟಿಕೊಂಡಿದೆ. ಹೊಳೆನರಸೀಪುರದ ಒಂದು ಸಾವಿಗೂ ಅರಕಲಗೂಡಿನ ಇನ್ನೊಂದು ಸಾವಿಗೂ ಸಮಾನ ಕಾರಣವಿದೆಯೆಂದು ಯಾರೂ ಸಿದ್ಧಪಡಿಸುವ ಮೊದಲೇ ಪದವು ಅದನ್ನು ಸಿದ್ಧಪಡಿಸಿತು. ಎರಡನೆಯದು 'ಬಲಿ'. 'ಹೃದಯಾಘಾತಕ್ಕೆ ಮತ್ತೊಂದು ಬಲಿ' ಎಂಬ ಬಗೆಯ ಶೀರ್ಷಿಕೆಯಲ್ಲಿ ರೋಗವು ಹಸಿದ ಮಾರಿಯಾಗುತ್ತದೆ, ಸತ್ತವನು ಅದರ ಪಾಲಾಗುತ್ತಾನೆ. ಮಾರಿಗೆ ಹೆದರಬಹುದು, ಹರಕೆ ಹೊರಬಹುದು. ರಕ್ತದೊತ್ತಡವನ್ನು ಅಳೆಸಿಕೊಳ್ಳಬೇಕೆಂಬ ವಿಚಾರ ಆ ರೂಪಕದೊಳಗೆ ಹುಟ್ಟುವುದಿಲ್ಲ.

ಮೂರನೆಯದು 'ಹೃದಯಾಘಾತ'. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಹೃದಯದ ಬಡಿತವೇ ನಿಂತುಹೋಗುವುದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಬಡಿತದ ಲಯದ ದೋಷ, ಹುಟ್ಟಿನಿಂದ ಬಂದ ಹೃದಯದ ನ್ಯೂನತೆ, ಸ್ನಾಯುವಿನ ಕಾಯಿಲೆಗಳೂ ಕಾರಣವಾಗಬಹುದು. ಮಧ್ಯವಯಸ್ಕರಲ್ಲಿ ನಾಳದ ರೋಗ ಮುಖ್ಯವಾದರೆ ಹದಿಹರೆಯದವರಲ್ಲಿ ಉಳಿದ ಕಾರಣಗಳಿಗೂ ಹೆಚ್ಚಿನ ಸ್ಥಾನವಿದೆ. ಆದುದರಿಂದ ಎಪ್ಪತ್ತರ ವೃದ್ಧನ ಸಾವನ್ನೂ ಇಪ್ಪತ್ತರ ತರುಣಿಯ ಸಾವನ್ನೂ ಒಂದೇ ಪಟ್ಟಿಯಲ್ಲಿ ಒಂದೇ ಹೆಸರಿನಿಂದ ಬರೆದಾಗ ಎರಡರ ಅರ್ಥವೂ ಕೆಡುತ್ತದೆ. ಕುಸಿದು ಬಿದ್ದು ಸತ್ತವರೆಲ್ಲ ಮರಣೋತ್ತರ ಪರೀಕ್ಷೆಯಿಲ್ಲದೆಯೇ 'ಹಾರ್ಟ್ ಅಟ್ಯಾಕ್' ಆದವರೆಂದು ದಾಖಲಾದರು. ಮುಂದೆ ತಜ್ಞರ ಸಮಿತಿಯು ಪಟ್ಟಿಯಲ್ಲಿದ್ದ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕಕ್ಕೆ ಹೃದಯದ ಕಾಯಿಲೆ ಕಾರಣವಲ್ಲವೆಂದು ತಿಳಿಯಿತು. ಅವುಗಳಲ್ಲಿ ಮೂತ್ರಪಿಂಡದ ಕಾಯಿಲೆಯಿಂದಲೂ ರಸ್ತೆ ಅಪಘಾತದಿಂದಲೂ ಆದ ಸಾವುಗಳು ಸೇರಿದ್ದವು.

5. ಹೋಲಿಕೆಯಿಲ್ಲದ ಎಣಿಕೆ

ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಂಬ ಸಂಖ್ಯೆ ಹೆಚ್ಚೋ ಕಡಿಮೆಯೋ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸಾಮಾನ್ಯ ವರ್ಷದ ಅದೇ ನಲವತ್ತು ದಿನಗಳಲ್ಲಿ ಎಷ್ಟು ಸಾವುಗಳು ಸಂಭವಿಸುತ್ತವೆಯೆಂದು ತಿಳಿದಿರಬೇಕು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರಕ್ಕೆ ಆರು ಮರಣಗಳೆಂಬ ಸ್ಥೂಲ ಪ್ರಮಾಣವನ್ನು ಇಟ್ಟುಕೊಂಡರೆ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ, ನಲವತ್ತು ದಿನಗಳಿಗೆ ಸಾವಿರದ ನೂರಕ್ಕೂ ಮಿಕ್ಕಿ ಸಾವುಗಳು ಸಹಜವಾಗಿಯೇ ಸಂಭವಿಸಬೇಕು. ಭಾರತದಲ್ಲಿ ಒಟ್ಟು ಸಾವುಗಳ ಕಾಲುಭಾಗಕ್ಕಿಂತ ಹೆಚ್ಚಿನವು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಆಗುತ್ತವೆಂಬುದು ಅಂಗೀಕೃತ ಅಂದಾಜು. ಹಾಗಾದರೆ ಯಾವ ವಿಶೇಷ ಕಾರಣವೂ ಇಲ್ಲದ ನಲವತ್ತು ದಿನಗಳಲ್ಲಿಯೂ ಜಿಲ್ಲೆಯಲ್ಲಿ ಇಂತಹ ಸಾವುಗಳು ಮುನ್ನೂರರ ಆಸುಪಾಸಿನಲ್ಲಿರುತ್ತವೆ.

ಈ ಗಣನೆ ಸಮಾಧಾನ ಹೇಳಲು ಮಾಡಿದುದಲ್ಲ. ಇದು ಎಲ್ಲ ವಯಸ್ಸಿನವರನ್ನೂ ಒಳಗೊಂಡ ಲೆಕ್ಕ; ಜನರು ಹೆದರಿದುದು ಯುವಕರ ಸಾವಿಗೆ. ನಲವತ್ತೈದರೊಳಗಿನವರಲ್ಲಿ ಸಹಜವಾಗಿ ಎಷ್ಟು ಹಠಾತ್ ಸಾವುಗಳಾಗುತ್ತವೆ ಎಂಬ ಪ್ರಶ್ನೆ ಬೇರೆಯೇ ಆದುದು, ಹೆಚ್ಚು ಮುಖ್ಯವಾದುದು. ಅದಕ್ಕೆ ಉತ್ತರ ನಮ್ಮ ದಾಖಲೆಗಳಿಂದ ದೊರೆಯುವುದಿಲ್ಲ. ಏಕೆಂದರೆ ಭಾರತದಲ್ಲಿ ನೋಂದಾಯಿತ ಮರಣಗಳ ಪೈಕಿ ವೈದ್ಯರಿಂದ ಕಾರಣ ಪ್ರಮಾಣಿತವಾದವು 2020ರಲ್ಲಿ ನೂರಕ್ಕೆ 22.5 ಮಾತ್ರ. ಹಳ್ಳಿಯ ಮನೆಯಲ್ಲಿ ಸತ್ತವನ ಮರಣ ನೋಂದಣಿಯಾಗುತ್ತದೆ. ಕಾರಣದ ಕಾಲಮಿನಲ್ಲಿ ಮನೆಯವರು ಹೇಳಿದುದೇ ದಾಖಲಾಗುತ್ತದೆ. ಹಿಂದಿನ ವರ್ಷಗಳ ಲೆಕ್ಕವನ್ನು ಇಟ್ಟುಕೊಳ್ಳದ ವ್ಯವಸ್ಥೆಯು ಈ ವರ್ಷ ಹೆಚ್ಚಾಗಿದೆಯೆಂದೂ ಹೇಳಲಾರದು, ಹೆಚ್ಚಾಗಿಲ್ಲವೆಂದೂ ಹೇಳಲಾರದು. ಜೂನ್ ತಿಂಗಳಲ್ಲಿ ಜಿಲ್ಲೆಗೆ ಪ್ರಾಮಾಣಿಕವಾಗಿ ಹೇಳಬಹುದಾಗಿದ್ದ ಮಾತು ಇದೊಂದೇ. ಅದನ್ನು ಯಾರೂ ಹೇಳಲಿಲ್ಲ.

ಜನಸಾಮಾನ್ಯರಿಗೆ ಪ್ರಮಾಣದ ಮಾತು ಅರ್ಥವಾಗುವುದಿಲ್ಲವೆಂಬ ನೆಪವನ್ನು ಒಪ್ಪಲಾಗದು. ಮುಂಗಾರಿನ ಮೊದಲ ಮಳೆಗೆ ಆಲೂಗಡ್ಡೆ ಬಿತ್ತುವ ಹಾಸನದ ರೈತನು ಅಂಗಮಾರಿ ಬಿದ್ದರೆ ಎಕರೆಗೆ ಎಷ್ಟು ಮೂಟೆ ಹೋಗಬಹುದೆಂಬುದನ್ನು ಪ್ರತಿವರ್ಷವೂ ಲೆಕ್ಕ ಹಾಕುತ್ತಾನೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಮಾರುಕಟ್ಟೆಗೆ ತಂಬಾಕು ಒಯ್ಯುವ ಬೆಳೆಗಾರನು ದರದ ಏರಿಳಿತವನ್ನು ಹಿಂದಿನ ವರ್ಷದ ದರದೊಡನೆ ಹೋಲಿಸದೆ ಮಾತನಾಡುವುದಿಲ್ಲ. ಹೋಲಿಸಿ ನೋಡುವ ವಿವೇಕ ಜನರಲ್ಲಿದೆ. ಹೋಲಿಸಲು ಬೇಕಾದುದನ್ನು ಅವರ ಕೈಗೆ ಕೊಡಲಿಲ್ಲ.

6. ಹೇಳಿಕೆ ಮತ್ತು ನಿರಾಕರಣೆ

1 ಜುಲೈ 2025ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊರಡಿಸಿದ ಹೇಳಿಕೆಯಲ್ಲಿ ಮೂರು ಅಂಶಗಳಿದ್ದವು. ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಗೆ ಹತ್ತು ದಿನಗಳ ಗಡುವು ಕೊಟ್ಟುದು ಮೊದಲನೆಯದು. ಎದೆನೋವು, ಉಸಿರಾಟದ ತೊಂದರೆ ಕಂಡುಬಂದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂದು ಹೇಳಿದುದು ಎರಡನೆಯದು. ಈ ಎರಡೂ ಉಚಿತವಾದುವೇ. ಕೋವಿಡ್ ಲಸಿಕೆಗೆ ಆತುರದಿಂದ ಅನುಮೋದನೆ ನೀಡಿ ವಿತರಿಸಿದುದೂ ಈ ಸಾವುಗಳಿಗೆ ಕಾರಣವಿರಬಹುದು, ಜಗತ್ತಿನ ಹಲವು ಅಧ್ಯಯನಗಳು ಹಾಗೆ ಸೂಚಿಸಿವೆ ಎಂಬ ಆಶಯದ ಮಾತು ಮೂರನೆಯದು. ಸಮಿತಿಯ ವರದಿಗೆ ಕಾಯದೆ, ಯಾವ ಅಧ್ಯಯನ, ಯಾವ ಲಸಿಕೆ ಎಂಬುದನ್ನು ಬಿಡಿಸಿ ಹೇಳದೆ ಆಡಿದ ಈ ಮಾತು ಉಳಿದೆರಡನ್ನೂ ನುಂಗಿಹಾಕಿತು. ಹೃದಯಸ್ನಾಯುವಿನ ಉರಿಯೂತದೊಡನೆ ಅಪರೂಪದ ಸಂಬಂಧವು ಮುಖ್ಯವಾಗಿ ಸಿದ್ಧಪಟ್ಟಿರುವುದು ಎಂಆರ್‌ಎನ್‌ಎ ಬಗೆಯ ಲಸಿಕೆಗಳಿಗೆ. ಭಾರತದಲ್ಲಿ ಜನರು ಬಹುಪಾಲು ಪಡೆದುದು ಕೋವಿಶೀಲ್ಡ್ ಮತ್ತು ಕೊವ್ಯಾಕ್ಸಿನ್. ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಬಹುದಾಗಿತ್ತು.

ಜುಲೈ 2ರಂದು ಕೇಂದ್ರ ಆರೋಗ್ಯ ಮಂತ್ರಾಲಯವು ಉತ್ತರಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಅಧ್ಯಯನಗಳು ಲಸಿಕೆಗೂ ಹಠಾತ್ ಸಾವುಗಳಿಗೂ ಸಂಬಂಧವಿಲ್ಲವೆಂದು ತೋರಿಸಿವೆ ಎಂಬುದು ಅದರ ಸಾರ. ಈ ಉತ್ತರಕ್ಕೆ ಆಧಾರವಿದ್ದಿತು, ಗಟ್ಟಿಯಾದ ಆಧಾರವೇ ಇದ್ದಿತು. ಸಂಶೋಧನಾ ಮಂಡಳಿಯ ಅಧ್ಯಯನವು 2023ರ ಮೇಯಿಂದ ಆಗಸ್ಟ್‌ವರೆಗೆ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ನಡೆಯಿತು. ಆರೋಗ್ಯವಂತರಾಗಿದ್ದು ಹಠಾತ್ತನೆ ಸತ್ತ 18ರಿಂದ 45 ವಯಸ್ಸಿನ 729 ಮಂದಿಯನ್ನು, ವಯಸ್ಸು, ಲಿಂಗ, ನೆರೆಹೊರೆಗಳಲ್ಲಿ ಅವರಿಗೆ ಸರಿಹೊಂದುವ 2,916 ಮಂದಿಯೊಡನೆ ಹೋಲಿಸಲಾಯಿತು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಹಠಾತ್ ಸಾವಿನ ಸಂಭವ ಸುಮಾರು ಅರ್ಧದಷ್ಟು ಕಡಿಮೆಯಿದ್ದಿತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಹಿಂದಿನ ಎರಡು ದಿನಗಳಲ್ಲಿ ಅತಿಯಾದ ಮದ್ಯಸೇವನೆ, ಮಾದಕವಸ್ತು ಸೇವನೆ, ಅತಿಶ್ರಮದ ದೈಹಿಕ ಚಟುವಟಿಕೆ ಇವು ಸಂಭವವನ್ನು ಹೆಚ್ಚಿಸಿದ್ದವು.

ಈ ಹೋಲಿಕೆಯ ಕ್ರಮವನ್ನು ಹಾಸನದ ಜನರಿಗೆ ಕನ್ನಡದಲ್ಲಿ ವಿವರಿಸಿದ್ದರೆ ಅದು ತಿಳಿವಳಿಕೆಯಾಗುತ್ತಿತ್ತು. ಅದರ ಬದಲು 'ಸಂಬಂಧವಿಲ್ಲ' ಎಂಬ ತೀರ್ಪು ಮಾತ್ರ ತಲುಪಿತು. 2021ರಲ್ಲಿ 'ವರದಿಯಾಗಿಲ್ಲ' ಎಂಬುದನ್ನು ಕೇಳಿದ್ದ ಕಿವಿಗಳಿಗೆ 2025ರ 'ಸಂಬಂಧವಿಲ್ಲ' ಎಂಬುದು ಅದೇ ದನಿಯ ಮಾತಾಗಿ ಕೇಳಿಸಿತು. ಹಿಂದಿನದು ನುಣುಚಿಕೊಳ್ಳುವ ಮಾತು, ಇಂದಿನದು ಸಾಕ್ಷ್ಯವುಳ್ಳ ಮಾತು ಎಂಬ ಭೇದವನ್ನು ಗುರುತಿಸಲು ಜನರಿಗೆ ದಾರಿಯಿರಲಿಲ್ಲ. ಇದಕ್ಕೆ ಪೂರಕವಾದ ಹಳೆಯ ಸಂಗತಿಗಳೂ ಇದ್ದವು. ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಜನವರಿ 2021ರಲ್ಲಿ ಕೊವ್ಯಾಕ್ಸಿನ್‌ಗೆ ನಿರ್ಬಂಧಿತ ಅನುಮೋದನೆ ದೊರೆತಿತ್ತು. ತನ್ನ ಲಸಿಕೆಯು ಅತ್ಯಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯನ್ನು ಉಂಟುಮಾಡಬಹುದೆಂದು ಆಸ್ಟ್ರಾಜೆನಿಕಾ ಸಂಸ್ಥೆ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ ಏಪ್ರಿಲ್ 2024ರಲ್ಲಿ ಇಲ್ಲಿಯ ಪತ್ರಿಕೆಗಳಲ್ಲಿಯೂ ಬಂದಿತ್ತು. ಈ ಸಂಗತಿಗಳು ಹಾಸನದ ಸಾವುಗಳಿಗೆ ಲಸಿಕೆ ಕಾರಣವೆಂದು ಹೇಳುವುದಿಲ್ಲ. ಜನರ ಅನುಮಾನವು ಬರಿಯ ಅಜ್ಞಾನವಲ್ಲವೆಂಬುದನ್ನು ಮಾತ್ರ ಹೇಳುತ್ತವೆ.

7. ವರದಿಗಳ ಬಲ ಮತ್ತು ಮಿತಿ

ಜುಲೈ 2025ರಲ್ಲಿ ಎರಡು ವರದಿಗಳು ಬೆಳಕಿಗೆ ಬಂದವು. ಮೊದಲನೆಯದು ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಂಗಳೂರಿನ ಜಯದೇವ ಸಂಸ್ಥೆಗೆ ದಾಖಲಾದ, ನಲವತ್ತೈದು ಮೀರದ 251 ಹೃದ್ರೋಗಿಗಳ ಅಧ್ಯಯನ. ಎರಡನೆಯದು ಹಾಸನದ 24 ಸಾವುಗಳ ಪರಿಶೀಲನೆ. ಕೋವಿಡ್ ಸೋಂಕಿಗಾಗಲಿ ಲಸಿಕೆಗಾಗಲಿ ಸಂಬಂಧ ಕಂಡುಬಂದಿಲ್ಲ, ಧೂಮಪಾನ, ಮಧುಮೇಹ, ರಕ್ತದೊತ್ತಡ, ಕೊಬ್ಬಿನಂಶ ಮೊದಲಾದ ಪರಿಚಿತ ಕಾರಣಗಳೇ ಮುಖ್ಯ ಎಂಬುದು ಮೊದಲನೆಯದರ ನಿಲುವು. ಹಾಸನದಲ್ಲಿ ಹೃದಯಸಂಬಂಧಿ ಸಾವುಗಳು ಅಸಹಜವಾಗಿ ಏರಿದುದಕ್ಕೆ ಆಸ್ಪತ್ರೆಯ ದಾಖಲೆಗಳಲ್ಲಿ ಆಧಾರವಿಲ್ಲ ಎಂಬುದು ಎರಡನೆಯದರ ನಿಲುವು. ಮೃತರಲ್ಲಿ ಆಟೋ ಮತ್ತು ಕ್ಯಾಬ್ ಚಾಲಕರ ಪ್ರಮಾಣ ಗಣನೀಯವಾಗಿದ್ದುದನ್ನೂ ಅದು ಗುರುತಿಸಿತು.

ಹತ್ತು ದಿನಗಳಲ್ಲಿ ಇಷ್ಟನ್ನು ಸಾಧಿಸಿದ ವೈದ್ಯರ ಶ್ರಮ ಮೆಚ್ಚತಕ್ಕದ್ದು. ಆದರೆ ವರದಿಗಳ ಮಿತಿಯನ್ನು ಜನರ ಮುಂದಿಡದೆ ಹೋದುದು ತಪ್ಪು. ಹೃದಯಸಂಬಂಧಿ ಎನ್ನಲಾದ 20 ಸಾವುಗಳಲ್ಲಿ ದೃಢಪಟ್ಟವು ಹತ್ತು. ಉಳಿದ ಹತ್ತು ಸಂಭವನೀಯ ಮಾತ್ರ. 251 ಮಂದಿಯ ಅಧ್ಯಯನದಲ್ಲಿ ರೋಗವಿಲ್ಲದವರ ಹೋಲಿಕೆಯ ಗುಂಪಿರಲಿಲ್ಲ; ಆದುದರಿಂದ ಲಸಿಕೆಯ ಪ್ರಶ್ನೆಗೆ ಅದೊಂದರಿಂದಲೇ ಅಂತಿಮ ಉತ್ತರ ಬಾರದು. ಆ ಉತ್ತರಕ್ಕೆ ಬಲ ಬರುವುದು ಮೇಲೆ ಹೇಳಿದ ರಾಷ್ಟ್ರೀಯ ಅಧ್ಯಯನದಿಂದ. 'ನಮ್ಮ ಪರಿಶೀಲನೆಗೆ ಇಷ್ಟು ಮಿತಿಯಿದೆ. ದೊಡ್ಡ ಅಧ್ಯಯನ ಇಂತಹ ಕ್ರಮದಿಂದ ನಡೆದಿದೆ. ಎರಡನ್ನೂ ಸೇರಿಸಿ ನೋಡಿದರೆ ಲಸಿಕೆಯನ್ನು ದೂರಲು ಆಧಾರವಿಲ್ಲ' ಎಂದು ಹೇಳಿದ್ದರೆ ಮಾತಿನ ತೂಕ ಹೆಚ್ಚುತ್ತಿತ್ತು. ಮಿತಿಯನ್ನು ತಾನೇ ಹೇಳಿಕೊಂಡ ವಿಜ್ಞಾನವನ್ನು ಜನರು ನಂಬುತ್ತಾರೆ. ಮಿತಿಯನ್ನು ಬೇರೆಯವರು ಎತ್ತಿ ತೋರಿಸಿದಾಗ ಇಡೀ ವರದಿಯೇ ಅನುಮಾನಕ್ಕೆ ಗುರಿಯಾಗುತ್ತದೆ.

8. ಹೇಳಬೇಕಾಗಿದ್ದ ಮಾತು

ಈ ಗದ್ದಲದ ಪರಿಣಾಮವು ಆಸ್ಪತ್ರೆಗಳ ಬಾಗಿಲಲ್ಲಿ ಕಂಡಿತು. ಜುಲೈ ತಿಂಗಳ ಎರಡನೆಯ ವಾರದಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಬೆಳಗಿನಿಂದಲೇ ಜನರ ಸಾಲು ನಿಂತಿತು. ಗಾಬರಿಯಾಗದಿರುವಂತೆ ವೈದ್ಯರು ಕೇಳಿಕೊಳ್ಳಬೇಕಾಯಿತು. ಯಾವ ತೊಂದರೆಯೂ ಇಲ್ಲದವನು ಸಾಲಿನ ಮುಂದೆ ನಿಂತಾಗ ನಿಜವಾಗಿ ಎದೆನೋವಿನಿಂದ ಬಂದವನು ಹಿಂದೆ ಉಳಿಯುವ ಸಂಭವವಿದೆ. ತಪ್ಪಾಗಿ ತಿಳಿಸಿದ ಅಪಾಯವು ಹೀಗೆ ಹೊಸ ಅಪಾಯವನ್ನು ಹುಟ್ಟಿಸುತ್ತದೆ.

ಹೊಳೆನರಸೀಪುರದಿಂದ ಮೈಸೂರಿಗೆ ಸುಮಾರು ಎರಡು ಗಂಟೆಯ ದಾರಿ. ಅರಕಲಗೂಡಿನ ಒಳಹಳ್ಳಿಗಳಿಂದ ಇನ್ನೂ ಹೆಚ್ಚು. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಅಮೂಲ್ಯವಾದುದು. ಆದುದರಿಂದ ಈ ತಾಲ್ಲೂಕುಗಳ ನಿವಾಸಿಗೆ ಅತ್ಯಂತ ಉಪಯುಕ್ತವಾಗಿದ್ದ ತಿಳಿವಳಿಕೆ ಬೇರೆಯೇ ಇದ್ದಿತು. ಎದೆಯಲ್ಲಿ ಹಿಂಡಿದಂತಾದರೆ, ಎಡತೋಳಿಗೋ ದವಡೆಗೋ ನೋವು ಹರಿದರೆ, ಕಾರಣವಿಲ್ಲದೆ ಬೆವರಿದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು. ದೂರದ ಊರಿಗೆ ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಆ ಇಸಿಜಿಯನ್ನು ಜಯದೇವ ಸಂಸ್ಥೆಯಂತಹ ಕೇಂದ್ರದ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಆರೋಗ್ಯ ಸಚಿವರು ಜುಲೈ 2025ರಲ್ಲಿ ಪ್ರಕಟಿಸಿದರು. ಲಸಿಕೆಯ ವಾದದ ನಡುವೆ ಈ ಸುದ್ದಿ ಮೂಲೆಗೆ ಸರಿಯಿತು. ಪ್ಲೇಗಿನ ಕಾಲದ ಹಳ್ಳಿಗೆ ಗೊತ್ತಿದ್ದ ಎರಡು ಸಂಗತಿಗಳು, ಅಂದರೆ ಅಪಾಯದ ಗುರುತು ಯಾವುದು, ಕಂಡೊಡನೆ ಮಾಡಬೇಕಾದುದೇನು ಎಂಬುವು, 2025ರ ಹಳ್ಳಿಗೆ ಸ್ಪಷ್ಟವಾಗಿ ತಲುಪಲಿಲ್ಲ.

9. ಉಪಸಂಹಾರ

ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂಬ ನಿರ್ಧಾರವನ್ನು ರಾಜ್ಯ ಸರ್ಕಾರವು ಆ ಜುಲೈನಲ್ಲಿ ಪ್ರಕಟಿಸಿತು. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಲೆಕ್ಕವು ಸಚಿವಾಲಯದಲ್ಲಿ ಉಳಿದರೆ ಪ್ರಯೋಜನ ಅಲ್ಪ. ತಾಲ್ಲೂಕುವಾರು ಮರಣಗಳ ಸಂಖ್ಯೆಯನ್ನು ವಯಸ್ಸು ಮತ್ತು ಕಾರಣಗಳೊಡನೆ, ಹಿಂದಿನ ಐದು ವರ್ಷಗಳ ಅದೇ ತಿಂಗಳ ಸಂಖ್ಯೆಯ ಪಕ್ಕದಲ್ಲಿ, ಪ್ರತಿ ತಿಂಗಳೂ ಕನ್ನಡದಲ್ಲಿ ಪ್ರಕಟಿಸಬೇಕು. ಮನೆಯಲ್ಲಿ ಸಂಭವಿಸಿದ ಸಾವುಗಳ ಕಾರಣವನ್ನು ತರಬೇತಿ ಪಡೆದವರು ಮನೆಯವರಿಂದ ಕ್ರಮಬದ್ಧವಾಗಿ ಕೇಳಿ ದಾಖಲಿಸುವ ಪದ್ಧತಿ ಬೇಕು. ಸಂಕಟದ ದಿನಗಳಲ್ಲಿ ಮಾತನಾಡುವ ಹೊಣೆಯನ್ನು ಜಿಲ್ಲೆಯ ಜನರು ಮುಖಪರಿಚಯದಿಂದ ಬಲ್ಲ ವೈದ್ಯಾಧಿಕಾರಿಗೆ ಒಪ್ಪಿಸಬೇಕು. ತಿಳಿದಿರುವುದು ಇಷ್ಟು, ತಿಳಿಯದಿರುವುದು ಇಷ್ಟು, ಮುಂದಿನ ಮಾಹಿತಿ ಇಂತಹ ದಿನ ಎಂದು ಹೇಳುವ ಸ್ವಾತಂತ್ರ್ಯ ಅವರಿಗಿರಬೇಕು.

ಕನ್ನಡದಲ್ಲಿ ನಾವು 'ಅಪಾಯ' ಎಂಬ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಕೆಡುಕು ಎಂಬುದೊಂದು, ಆ ಕೆಡುಕು ಒದಗುವ ಸಂಭವ ಎಂಬುದಿನ್ನೊಂದು. ಮಹಾಮಾರಿಯ ಕಾಲದಿಂದ ಇಂದಿನವರೆಗೆ ಜನರಿಗೆ ಮೊದಲನೆಯದನ್ನೇ ಮತ್ತೆ ಮತ್ತೆ ಹೇಳಲಾಗಿದೆ. ಎರಡನೆಯದನ್ನು ಹೇಳುವ ಅಭ್ಯಾಸ ನಮ್ಮ ಆಡಳಿತಕ್ಕೂ ಪತ್ರಿಕೆಗಳಿಗೂ ಇನ್ನೂ ಬಂದಿಲ್ಲ. ಆ ಪಟ್ಟಿಯಲ್ಲಿ ಸಂಖ್ಯೆಗಳಾಗಿ ಸೇರಿದವರ ಮನೆಗಳಲ್ಲಿ ಪ್ರಶ್ನೆಯೊಂದು ಉಳಿದುಕೊಂಡಿದೆ: ನಮ್ಮ ಮಗು ಏಕೆ ಸತ್ತಿತು? ಕಾರಣ ದೃಢಪಡದ ಹತ್ತು ಸಾವುಗಳ ಮಟ್ಟಿಗೆ ಆ ಪ್ರಶ್ನೆಗೆ ಇನ್ನು ಉತ್ತರ ಸಿಗಲಾರದು. ಪರೀಕ್ಷಿಸಬೇಕಾದ ಕಾಲ ಮೀರಿಹೋಗಿದೆ. ಮುಂದೆ ಅದೇ ಪ್ರಶ್ನೆಯನ್ನು ಕೇಳಬೇಕಾಗಿ ಬರುವ ತಾಯಿತಂದೆಗಳಿಗಾದರೂ ಊಹೆಯನ್ನೂ ತೀರ್ಪನ್ನೂ ಬಿಟ್ಟು ದಾಖಲೆಯನ್ನು ಕೊಡುವಂತಾದರೆ ಹಾಸನ ಜಿಲ್ಲೆಯ ಆ ನಲವತ್ತು ದಿನಗಳಿಂದ ನಾವು ಕಲಿತೆವೆಂದು ಹೇಳಿಕೊಳ್ಳಬಹುದು.